ಡೌನ್‌ಲೋಡ್ ಎಷ್ಟಕ್ಕೆ ನಿಂತಿತು ಅಂತ ನೋಡಿದ್ರಾ?

ವಿಡಿಯೋ ಡೌನ್‌ಲೋಡ್ ಆಗುತ್ತಿಲ್ಲ, ಫೋನ್ ಹೋಯ್ತು ಅನ್ಸುತ್ತೆ ಎಂದು ಅಂಗಡಿಗೆ ಬರುವವರ ಫೋನ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ನಾನು ಮೊದಲು ಕೇಳುವುದು ನೆಟ್ ಬಗ್ಗೆ ಅಲ್ಲ, ಫೈಲಿನ ಸೈಜ್ ಬಗ್ಗೆ. ಎಷ್ಟಕ್ಕೆ ನಿಂತಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಕೆಲವೇ ಕೆಬಿ ಇದೆಯಾ? ಹಾಗಾದರೆ ಅದು ಬಹುಶಃ ವಿಡಿಯೋನೇ ಅಲ್ಲ. ಹೆಸರಿನ ಕೊನೆಯಲ್ಲಿ ಎಂಪಿ4 ಅಂತ ಇದ್ದರೂ ಬಂದಿರುವುದು ಬರೀ ಒಂದು ವೆಬ್ ಪುಟ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಮೇಲ್ಗಡೆಯೇ ಎಚ್‌ಟಿಎಂಎಲ್ ಅಂತ ಕಾಣುತ್ತದೆ, ಕೆಳಗೆಲ್ಲೋ ಲಾಗಿನ್ ಆಗಿ ಅಂತಲೋ ಲಿಂಕ್ ಮುಗಿದಿದೆ ಅಂತಲೋ ಬರೆದಿರುತ್ತದೆ.

ಹೆಚ್ಚು ತಲೆ ತಿನ್ನುವುದು 4 ಜಿಬಿ ಕೇಸು. ಮೆಮೊರಿ ಕಾರ್ಡಿನಲ್ಲಿ 20 ಜಿಬಿ ಖಾಲಿ ಇದೆ, ನೆಟ್ ಸ್ಪೀಡಾಗಿದೆ, ಆದರೂ ಪ್ರತಿ ಸಲ 4 ಜಿಬಿ ಹತ್ತಿರ ಬಂದು ಕೈಕೊಡುತ್ತದೆ. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಫಾರ್ಮ್ಯಾಟಿನಲ್ಲೇ, ಅಂದರೆ ಫೈಲುಗಳನ್ನು ಜೋಡಿಸಿಡುವ ಒಂದು ಹಳೇ ಪದ್ಧತಿಯಲ್ಲೇ ಬರುತ್ತವೆ. ಅದರಲ್ಲಿ ಒಂದು ಫೈಲಿನ ಸೈಜ್ ಬರೆದಿಡಲು 32 ಬಿಟ್ ಜಾಗ ಮಾತ್ರ, ಹಾಗಾಗಿ 4 ಜಿಬಿಗೆ ಒಂದು ಬೈಟ್ ಕಮ್ಮಿ ಇರುವ ತನಕ ಸರಿ, ಅದರಾಚೆಗೆ ಎಷ್ಟು ಜಾಗ ಖಾಲಿ ಇದ್ದರೂ ದಂಡ. ಕಾರ್ಡನ್ನು ಎಕ್ಸ್‌ಫ್ಯಾಟ್ ಅನ್ನುವ ಹೊಸ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ಮುಗೀತು, ಆದರೆ ಫಾರ್ಮ್ಯಾಟ್ ಅಂದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ಬೇರೆ ಕಡೆ ಹಾಕಿಕೊಳ್ಳಿ. ಹಳೇ ಫೋನಾದರೆ ಎಕ್ಸ್‌ಫ್ಯಾಟ್ ಓದುತ್ತದಾ ಅಂತಲೂ ನೋಡಿಕೊಳ್ಳಿ.

ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದ್ದರೆ? ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೇ ನಿಂತರೆ ಬ್ಯಾಟರಿ ಸೇವರ್ ಮೇಲೆ ಅನುಮಾನಪಡಿ. ರಾತ್ರಿ ಡೌನ್‌ಲೋಡನ್ನು ಪಾಜ್ ಮಾಡಿ ಬೆಳಿಗ್ಗೆ ರೆಸ್ಯೂಮ್ ಒತ್ತಿದಾಗ 403 (ಅನುಮತಿ ಇಲ್ಲ ಅನ್ನುವ ಸೈಟಿನ ಉತ್ತರ) ಅಂತ ಬಂದರೆ, ಬಹುಶಃ ಲಿಂಕಿನ ವಾಯಿದೆ ಮುಗಿದಿದೆ. ಎಷ್ಟೋ ಸೈಟುಗಳು ಕೆಲವು ಗಂಟೆ ಮಾತ್ರ ನಡೆಯುವ ಲಿಂಕ್ ಕೊಡುತ್ತವೆ. ಸುಮ್ನೆ ರೀಟ್ರೈ ಒತ್ತುತ್ತಾ ಕೂರಬೇಡಿ, ಅದೇ ಪುಟಕ್ಕೆ ಹೋಗಿ ಹೊಸ ಲಿಂಕ್ ತೆಗೆದುಕೊಳ್ಳಿ.

ಪೂರ್ತಿ ಬಂದಿದೆ, ಸೌಂಡ್ ಮಾತ್ರ ಇಲ್ಲ ಅನ್ನುವುದೂ ಇದೆ. ಈಗ ಎಷ್ಟೋ ಕಡೆ ಚಿತ್ರ ಬೇರೆ, ಧ್ವನಿ ಬೇರೆ ಇಟ್ಟು ಪ್ಲೇ ಮಾಡುವಾಗ ಸೇರಿಸುತ್ತಾರೆ, ನಿಮಗೆ ಚಿತ್ರದ ಪಾಲು ಮಾತ್ರ ಸಿಕ್ಕಿದೆ ಅಷ್ಟೇ. ಸೌಂಡ್ ಬಂದು ಚಿತ್ರ ಕಪ್ಪಗಿದ್ದರೆ ವಿಎಲ್‌ಸಿ ಅನ್ನುವ ಪ್ಲೇಯರಿನಲ್ಲಿ ಹಾಕಿ ನೋಡಿ, ನಿಮ್ಮ ಪ್ಲೇಯರಿಗೆ ಆ ಕೋಡೆಕ್, ಅಂದರೆ ವಿಡಿಯೋ ಕುಗ್ಗಿಸಿಟ್ಟ ವಿಧಾನ, ಗೊತ್ತಿಲ್ಲದಿರಬಹುದು.

ಒಟಿಟಿ ಆ್ಯಪಿನೊಳಗೆ ಡೌನ್‌ಲೋಡ್ ಮಾಡಿದ ಸಿನಿಮಾನ ಪೆನ್‌ಡ್ರೈವ್‌ಗೆ ಹಾಕಿಕೊಡಿ ಅನ್ನುವವರು ಜಾಸ್ತಿ. ಆ ಫೈಲಿಗೆ ಬೀಗ ಹಾಕಿರುತ್ತಾರೆ, ಕೀ ಇರುವುದು ಆ್ಯಪ್ ಹತ್ತಿರ. ಹೊರಗೆ ತೆಗೆದರೆ ಓಡುವುದಿಲ್ಲ. ಅದಕ್ಕೆ ರಿಪೇರಿ ಇಲ್ಲ, ನಾನು ಮಾಡಿಕೊಡುವುದೂ ಇಲ್ಲ.