ಮುಲ್ಕಿ ಪರೀಕ್ಷೆಯ ‘ಮುಲ್ಕಿ’

ಧಾರವಾಡದ ಕಡೆಯ ಹಿರಿಯರೊಬ್ಬರ ಸ್ಮರಣ ಸಂಚಿಕೆಯಲ್ಲಿ, ಅವರು ‘ಮೂಲ್ಕಿಯಲ್ಲಿ ಪರೀಕ್ಷೆ ಪಾಸು ಮಾಡಿ’ ಮಾಸ್ತರರಾದರೆಂದು ಅಚ್ಚಾಗಿದೆ. ಅಲ್ಲಿರಬೇಕಾಗಿದ್ದದ್ದು ‘ಮುಲ್ಕಿ ಪರೀಕ್ಷೆ’, ಅಂದರೆ ಧಾರವಾಡವೂ ಸೇರಿದ್ದ ಹಿಂದಿನ ಮುಂಬಯಿ ಪ್ರಾಂತದಲ್ಲಿ ಕನ್ನಡ ಸಾಲೆಯ ಏಳನೆಯ ಇಯತ್ತೆಯಲ್ಲಿ (ತರಗತಿಯಲ್ಲಿ) ನಡೆಯುತ್ತಿದ್ದ ಪರೀಕ್ಷೆ. ಮೊದಲ ಅಕ್ಷರಕ್ಕೆ ದೀರ್ಘ ಕೊಟ್ಟು ಪರೀಕ್ಷೆಯನ್ನೇ ಮಂಗಳೂರಿನ ಹತ್ತಿರದ ಊರಿಗೆ ಸಾಗಿಸಿದ ಈ ತಪ್ಪನ್ನು ನಾನು ಕಾಣುತ್ತಿರುವುದು ಮೊದಲ ಸಲವೇನಲ್ಲ. ಮುಲ್ಕಿಯೆಂದರೆ ಮೆಟ್ರಿಕ್ ಎಂದು ವಿವರಿಸುವವರ ತಪ್ಪಂತೂ ಇನ್ನೂ ದೊಡ್ಡದು.

ಅರಬ್ಬಿಯಲ್ಲಿ ‘ಮುಲ್ಕ್’ ಎಂದರೆ ರಾಜ್ಯ, ನಾಡು. ನಮ್ಮ ಮಾಲೀಕ, ಮಿಲ್ಕತ್ತುಗಳೂ ಅದೇ ಧಾತುವಿನವು. ಪಾರಸಿಯ ಮೂಲಕ ದಖ್ಖನಿನ ದಫ್ತರಗಳಿಗೆ ಬಂದ ‘ಮುಲ್ಕಿ’ ಇಲ್ಲಿ ಎರಡು ದಾರಿ ಹಿಡಿಯಿತು. ಹೈದರಾಬಾದ್ ಸಂಸ್ಥಾನದಲ್ಲಿ ಅದು ಆ ನಾಡಿನ ಕಾಯಂ ನಿವಾಸಿಯನ್ನು ಸೂಚಿಸಿತು. 1952ರಲ್ಲಿ, ನೌಕರಿಗಳು ಹೊರಗಿನವರ ಪಾಲಾಗುತ್ತಿವೆಯೆಂದು ನಡೆದ ಚಳವಳಿಯಲ್ಲಿ ಬೀದಿಗೆ ಬಂದದ್ದು ಈ ಮುಲ್ಕಿಯೇ. ಮರಾಠಿ ಆಡಳಿತದ ಮಾತಿನಲ್ಲಾದರೋ ಅದು ‘ಲಷ್ಕರಿ’ಗೆ ಎದುರು ಪದ, ಅಂದರೆ ಸೈನ್ಯಕ್ಕೆ ಸೇರದೆ ಕಂದಾಯಕ್ಕೂ ನಾಗರಿಕ ಆಡಳಿತಕ್ಕೂ ಸೇರಿದ್ದು. ಕಳವು-ಹೊಡೆದಾಟಗಳನ್ನು ಪೊಲೀಸ್ ಪಾಟೀಲ ನೋಡಿಕೊಂಡರೆ, ಕಂದಾಯದ ವಸೂಲಿ ಮುಲ್ಕಿ ಪಾಟೀಲನ ಪಾಲಿಗಿತ್ತು. ಪರೀಕ್ಷೆಯ ಹೆಸರಿನಲ್ಲಿರುವುದೂ ಈ ಎರಡನೆಯ ಅರ್ಥವೇ ಎಂಬುದು ನನ್ನ ಅಭಿಪ್ರಾಯ. ‘ದೇಶಭಾಷೆಯ ಪರೀಕ್ಷೆ’ ಎಂದು ಬಿಡಿಸುವವರು ಅದೇ ಪರೀಕ್ಷೆಯ ‘ವರ್ನಾಕ್ಯುಲರ್ ಫೈನಲ್’ ಎಂಬ ಇಂಗ್ಲಿಷ್ ಹೆಸರನ್ನು ಎದುರಿಗಿಟ್ಟುಕೊಂಡು ಅದರ ಅರ್ಥವನ್ನು ಮುಲ್ಕಿಗೆ ಅಂಟಿಸುತ್ತಾರೆ. ಹಳ್ಳಿಯವರಿಗೆ ಆ ಪರೀಕ್ಷೆ ಬೇಕಾಗಿದ್ದದ್ದು ಭಾಷೆಗಾಗಿ ಅಲ್ಲ. ತಲಾಠಿಯ (ಹಳ್ಳಿಯ ಲೆಕ್ಕಿಗನ), ಕಾರಕೂನನ, ಮಾಸ್ತರನ ನೌಕರಿಗಾಗಿ.

ಮೆಟ್ರಿಕ್ಕಿನ ದಾರಿಯೇ ಬೇರೆ. ಜನಸಾಮಾನ್ಯರಿಗೆ ದೇಶಭಾಷೆ, ಮೇಲಿನ ಓದಿಗೆ ಇಂಗ್ಲಿಷ್ ಎಂಬ 1854ರ ವುಡ್ ನಿರೂಪದ (ಬ್ರಿಟಿಷರ ಶಿಕ್ಷಣ ನೀತಿಯ ಆದೇಶದ) ವಿಂಗಡಣೆ ಮುಂಬಯಿ ಪ್ರಾಂತದಲ್ಲಿ ಹುಡುಗನ ನಾಲ್ಕನೆಯ ಇಯತ್ತೆಯ ಹೊತ್ತಿಗೇ ಎದುರಾಗುತ್ತಿತ್ತು. ಆಗ ಕನ್ನಡ ಸಾಲೆಯನ್ನು ಬಿಟ್ಟು ‘ಇಂಗ್ಲಿಷ್ ಒಂದನೇ’ ಇಯತ್ತೆಗೆ ಸೇರಿದವನು ಏಳು ವರ್ಷಗಳ ಅನಂತರ ಮೆಟ್ರಿಕ್ಕಿಗೆ ಕೂರುತ್ತಿದ್ದ. ಕನ್ನಡ ಸಾಲೆಯಲ್ಲೇ ಉಳಿದವನು ಏಳನೆಯ ಇಯತ್ತೆಯಲ್ಲಿ ಮುಲ್ಕಿಗೆ ಕೂರುತ್ತಿದ್ದ. ಮುಲ್ಕಿ ಪಾಸಾದವನು ಮನಸ್ಸು ಬದಲಿಸಿ ಹೈಸ್ಕೂಲಿನತ್ತ ಹೊರಟರೆ, ಲೆಕ್ಕ-ಭೂಗೋಲಗಳನ್ನೆಲ್ಲ ಕನ್ನಡದಲ್ಲಿ ಅರೆದು ಕುಡಿದಿದ್ದರೂ, ತನಗಿಂತ ಚಿಕ್ಕವರ ಜೊತೆ ಕೆಳಗಿನ ಇಯತ್ತೆಯಲ್ಲಿ ಕುಳಿತು ಎ ಬಿ ಸಿ ತಿದ್ದಬೇಕಾಗಿತ್ತು.

ಆದ್ದರಿಂದ ‘ಅಜ್ಜ ಓದಿದ್ದು ಬರಿಯ ಏಳನೇ ತರಗತಿ’ ಎಂಬ ಅನುವಾದವೂ ಸಲ್ಲದು. ಬಹುಕಾಲದವರೆಗೆ ಕನ್ನಡದಲ್ಲಿ ಓದು ಮುಗಿಯುತ್ತಿದ್ದದ್ದೇ ಅಲ್ಲಿ. ಅದರಾಚೆಗೆ ಕನ್ನಡದಲ್ಲೇ ಕಲಿಯುವುದಿದ್ದರೆ ಧಾರವಾಡದ ಟ್ರೇನಿಂಗ್ ಕಾಲೇಜು ಇತ್ತು. ಅಲ್ಲಿಂದ ಹೊರಬಿದ್ದವರು ಮಾಸ್ತರರಾಗಿ ಮತ್ತೆ ಕನ್ನಡ ಸಾಲೆಗೇ ಬಂದು, ಮುಂದಿನ ಹುಡುಗರನ್ನು ಮುಲ್ಕಿಗೆ ಕೂರಿಸುತ್ತಿದ್ದರು.