ಕಂಡದ್ದು ಯಾವುದು, ಅನ್ನಿಸಿದ್ದು ಯಾವುದು?

‘ಮನೆ ಗಲೀಜಾಗಿತ್ತು. ತಾಯಿಗೆ ಮಗುವಿನ ಓದಿನಲ್ಲಿ ಆಸಕ್ತಿ ಇಲ್ಲ.’

ಸಮಾಜಕಾರ್ಯ ಓದುತ್ತಿದ್ದ ಹುಡುಗನೊಬ್ಬ ತನ್ನ ಮೊದಲ ಮನೆ ಭೇಟಿಯ ರಿಪೋರ್ಟಿನಲ್ಲಿ ಹೀಗೆ ಬರೆದಿದ್ದ. ಮಗು ಶಾಲೆಗೆ ಸರಿಯಾಗಿ ಬರುತ್ತಿಲ್ಲ, ವಿಚಾರಿಸಿಕೊಂಡು ಬಾ ಅಂತ ಕಳಿಸಿದ್ದೆವು. ಫೀಲ್ಡ್ ವರ್ಕ್ ಸೂಪರ್‌ವೈಸರ್ ಆಗಿ ಇಂಥ ರಿಪೋರ್ಟುಗಳನ್ನು ವರ್ಷಪೂರ್ತಿ ಓದುತ್ತೇನೆ. ಆಸಕ್ತಿ ಇಲ್ಲ ಅನ್ನೋದು ನಿನ್ನ ಕಣ್ಣಿಗೆ ಹೇಗೆ ಕಂಡಿತು ಅಂತ ಕೇಳಿದೆ. ಹುಡುಗ ತಡವರಿಸಿದ.

‘ನಾನು ಮಾತಾಡ್ತಿದ್ರೆ ಅವರು ನನ್ನ ಮುಖಾನೇ ನೋಡ್ಲಿಲ್ಲ ಮೇಡಂ. ಗಡಿಯಾರ ನೋಡ್ತಾ ಇದ್ರು.’

‘ಅದನ್ನೇ ಬರೀಬೇಕಿತ್ತಲ್ವಾ?’

ಮುಂದಿನ ವಾರ ಮತ್ತೆ ಹೋಗಿ ಬಂದ. ಆಕೆಗೆ ಎರಡು ಕಡೆ ಕೆಲಸ. ಇವನು ಮೊದಲ ಸಲ ಹೋಗಿದ್ದು ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೊರಡುವ ನಡುವಿನ ಅರ್ಧ ಗಂಟೆಯಲ್ಲಿ. ತಡವಾದರೆ ಆ ದಿನದ ಸಂಬಳ ಕಟ್. ಮೂಲೆಯಲ್ಲಿದ್ದ ಬಟ್ಟೆ ರಾಶಿ ಮನೆಯದ್ದೂ ಅಲ್ಲ, ಹೊಲಿಗೆಗೆ ಬಂದದ್ದು.

ಸಮಾಜಶಾಸ್ತ್ರ, ಸಮಾಜಕಾರ್ಯ, ಮಾನವಶಾಸ್ತ್ರ, ಇವು ಮೂರೂ ಒಂದೇ ಅಲ್ವಾ, ಯಾವುದಕ್ಕೆ ಸೇರಲಿ ಅಂತ ಕೇಳಿಕೊಂಡು ಬರುವವರಿಗೆ ಈಗ ಸಿಲಬಸ್ ತೋರಿಸುವುದಿಲ್ಲ. ಆ ಹುಡುಗನ ಮೊದಲ ರಿಪೋರ್ಟಿನ ಎರಡು ಸಾಲು ತೋರಿಸುತ್ತೇನೆ.

ಸಮಾಜಶಾಸ್ತ್ರ ಓದಿದವರು ಈ ಒಬ್ಬ ತಾಯಿಯ ಹತ್ತಿರ ನಿಲ್ಲುವುದಿಲ್ಲ. ಇಂಥ ತಾಯಂದಿರು ಎಷ್ಟು ಮಂದಿ? ಪಾಳಿ ಕೆಲಸ ಇರುವ ಮನೆಗಳ ಮಕ್ಕಳು ಉಳಿದವರಿಗಿಂತ ಜಾಸ್ತಿ ರಜೆ ಹಾಕುತ್ತಾರಾ? ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1897ರಲ್ಲಿ ಆತ್ಮಹತ್ಯೆಯ ಮೇಲೆ ಬರೆದಾಗ ಮಾಡಿದ್ದು ಇದನ್ನೇ. ಅದಕ್ಕಿಂತ ಖಾಸಗಿಯಾದ ಸಂಗತಿ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೂ ಒಂದೊಂದು ದೇಶದ ಅಂಕಿ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುತ್ತಿರಲಿಲ್ಲ. ಹಾಗಾದರೆ ಕಾರಣ ವ್ಯಕ್ತಿಯ ಮನಸ್ಸಿನಲ್ಲಿ ಮಾತ್ರ ಇಲ್ಲ, ಅವರು ಬದುಕುವ ಸಮಾಜದಲ್ಲೂ ಇದೆ ಅಂತ ಆತ ವಾದಿಸಿದ. ಅಂದಹಾಗೆ, ಲೆಕ್ಕ ತಪ್ಪಿಸಿಕೊಳ್ಳೋಕೆ ಸಮಾಜಶಾಸ್ತ್ರಕ್ಕೆ ಸೇರುವವರು ಪ್ರತಿ ವರ್ಷ ಇರುತ್ತಾರೆ. ಸಂಖ್ಯಾಶಾಸ್ತ್ರದ ಪೇಪರ್ ಬಂದಾಗ ಅವರ ಮುಖ ನೋಡಬೇಕು.

ಮಾನವಶಾಸ್ತ್ರದವರು ಪ್ರಶ್ನಾವಳಿ ಹಿಡಿದು ಹೋಗುವುದಿಲ್ಲ. ಹೋಗಿ ಕೂರುತ್ತಾರೆ. ದಿನಗಟ್ಟಲೆ, ತಿಂಗಳುಗಟ್ಟಲೆ ಕೂರುತ್ತಾರೆ. ನಮ್ಮ ಹುಡುಗನ ‘ಗಲೀಜು’ ಅನ್ನೋ ಪದ ಅವರ ಕೈಗೆ ಸಿಕ್ಕಿದ್ದರೆ ಸುಮ್ನೆ ಬಿಡುತ್ತಿರಲಿಲ್ಲ. ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲೇ ಈ ಪದವನ್ನು ಬಿಡಿಸಿ ನೋಡಿದ್ದರು. ಗಲೀಜು ಅನ್ನೋದು ವಸ್ತುವಿನ ಗುಣವಲ್ಲ, ಅದು ಇರಬಾರದ ಜಾಗದಲ್ಲಿದೆ ಅನ್ನೋ ನಮ್ಮ ತೀರ್ಮಾನ ಎಂಬುದು ಅವರ ವಾದ. ಅವರೇ ಕೊಡುವ ಉದಾಹರಣೆ ಶೂಗಳದ್ದು. ಶೂ ತಾನಾಗಿ ಗಲೀಜಲ್ಲ, ಊಟದ ಮೇಜಿನ ಮೇಲಿಟ್ಟರೆ ಗಲೀಜು. ನಮ್ಮ ಹುಡುಗನ ಪ್ರಕಾರ ಬಟ್ಟೆ ಇರಬೇಕಾದ ಜಾಗ ಬೀರು. ಆ ಮನೆಯಲ್ಲಿ ಅದು ದುಡಿಮೆ.

ಸಮಾಜಕಾರ್ಯಕ್ಕೆ ಈ ಪುರುಸೊತ್ತು ಇರುವುದಿಲ್ಲ. ಸೋಮವಾರದೊಳಗೆ ಏನಾದರೂ ಆಗಬೇಕು. ಮಗು ಶಾಲೆಗೆ ಬರಬೇಕು, ಇಲ್ಲವೇ ಯಾಕೆ ಬರಲಾಗುತ್ತಿಲ್ಲ ಅನ್ನೋದು ಶಾಲೆಗೆ ಗೊತ್ತಾಗಬೇಕು. ಹಾಗಂತ ಅವಸರದಲ್ಲಿ ತೀರ್ಪು ಕೊಡುವಂತಿಲ್ಲ. ಕೇಸ್ ವರ್ಕಿಗೆ, ಅಂದರೆ ಒಬ್ಬೊಬ್ಬರ ಅಥವಾ ಒಂದೊಂದು ಮನೆಯ ಕಷ್ಟವನ್ನು ವಿಚಾರಿಸಿ ನೆರವಾಗುವ ಕೆಲಸಕ್ಕೆ, ಒಂದು ಕ್ರಮ ತಂದುಕೊಟ್ಟ ಮೇರಿ ರಿಚ್ಮಂಡ್ 1917ರಲ್ಲೇ ಪುರಾವೆಗಳನ್ನು ಬೇರೆ ಬೇರೆ ಮಾಡಿದ್ದರು: ಕಣ್ಣಾರೆ ಕಂಡದ್ದು, ಇನ್ನೊಬ್ಬರು ಹೇಳಿದ್ದು, ಸುತ್ತಲಿನ ಸಂಗತಿಗಳಿಂದ ಊಹಿಸಿದ್ದು. ನೂರು ವರ್ಷ ದಾಟಿದರೂ ನಾನು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಈ ಮೂರು ಕಲಸಿಹೋದ ಕಡೆಯೇ.

ವಿಭಾಗಗಳ ನಡುವಿನ ಗೋಡೆಗಳಿಗೆ ಮಾತ್ರ ಜಾಸ್ತಿ ಬೆಲೆ ಕೊಡಬೇಡಿ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ ಎರಡೂ 1929ರವರೆಗೆ ಒಂದೇ ವಿಭಾಗದಲ್ಲಿದ್ದವು. ಅದೇ ಊರಿನಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಹಲ್ ಹೌಸ್ ಶುರು ಮಾಡಿದರು. ಬಡವರ ಬೀದಿಯಲ್ಲೇ ಉಳಿದು ಕೆಲಸ ಮಾಡುವ ಮನೆ ಅದು. ಅಲ್ಲಿದ್ದವರು ಸುತ್ತಲಿನ ಮನೆಗಳ ಆದಾಯ ಎಷ್ಟು, ಯಾವ ದೇಶದಿಂದ ಬಂದವರು ಅಂತ ನಕ್ಷೆಯ ಮೇಲೆ ಬಣ್ಣದಲ್ಲಿ ಗುರುತಿಸಿ 1895ರಲ್ಲಿ ಪ್ರಕಟಿಸಿದರು. ಅದು ಸೇವೆಯಾ, ಸಂಶೋಧನೆಯಾ? ಕೇಳಿದರೆ ಅವರಿಗೇ ನಗು ಬರುತ್ತಿತ್ತೇನೋ.

ಇನ್ನು ನೋಟ್‌ಬುಕ್ ವಿಷಯ. ನನ್ನ ವಿದ್ಯಾರ್ಥಿಗಳಿಗೆ ಎರಡು ಇಟ್ಟುಕೊಳ್ಳಿ ಅನ್ನುತ್ತೇನೆ. ಒಂದರಲ್ಲಿ ಕಂಡದ್ದು, ಕೇಳಿದ್ದು. ಇನ್ನೊಂದರಲ್ಲಿ ಸಿಟ್ಟು, ಬೇಜಾರು, ಭಯ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆಯೇ ಡೇರೆ ಹಾಕಿಕೊಂಡಿದ್ದು, ಅವರ ಭಾಷೆ ಕಲಿತು ಕೆಲಸ ಮಾಡಿದವನು. ಕ್ಷೇತ್ರಕಾರ್ಯ ಅಂದರೆ ಹೀಗಿರಬೇಕು ಅಂತ ಇವತ್ತಿಗೂ ಅವನ ಹೆಸರು ಹೇಳುತ್ತೇವೆ. ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1967ರಲ್ಲಿ, ಅವನ ಖಾಸಗಿ ಡೈರಿ ಅಚ್ಚಾಯಿತು. ಅದರ ತುಂಬ ಅಲ್ಲಿನ ಜನರ ಮೇಲಿನ ಕಿರಿಕಿರಿ, ಒಂಟಿತನ, ಕಾಯಿಲೆಯ ಚಿಂತೆ. ಓದಿದವರು ಬೆಚ್ಚಿಬಿದ್ದರು. ನನಗೆ ಆ ಡೈರಿ ಓದಿ ಒಂಥರಾ ಸಮಾಧಾನವೇ ಆಯಿತು. ಕಿರಿಕಿರಿ ಎಲ್ಲರಿಗೂ ಆಗುತ್ತದೆ. ಅದಕ್ಕೊಂದು ಪುಸ್ತಕ ಬೇರೆ ಇಟ್ಟರೆ ಮೊದಲನೆಯದರೊಳಗೆ ಅದು ಕಳ್ಳಬಾಗಿಲಿನಿಂದ ನುಗ್ಗುವುದು ಕಡಿಮೆ.

ಮೊದಲನೆಯದನ್ನು ಅದೇ ರಾತ್ರಿ ಬರೆಯಿರಿ. ನೆನಪು ಮರುದಿನ ಬೆಳಗ್ಗೆಯೇ ಕಥೆ ಕಟ್ಟಲು ಶುರು ಮಾಡುತ್ತದೆ. ಒಂದಕ್ಕಿಂತ ಹೆಚ್ಚು ಪ್ರತಿ ಇರಲಿ, ಬೇರೆ ಬೇರೆ ಕಡೆ ಇರಲಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಇಟ್ಟ ಬೆಂಕಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಕಡೆಯ ಒಂದು ಹಳ್ಳಿಯ ಮೇಲೆ ವರ್ಷಗಟ್ಟಲೆ ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಮೂರೂ ಒಂದೇ ಕಡೆ ಇದ್ದವು! ಅವರು ಬಹುಪಾಲು ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು. ಅಂಥ ನೆನಪು ನಮಗೆ ನಿಮಗೆ ಇರುವುದಿಲ್ಲ.

ಯಾವುದಕ್ಕೆ ಸೇರಬೇಕು ಅನ್ನೋದಕ್ಕೆ ನನ್ನ ಹತ್ತಿರ ಇರುವುದು ಒರಟು ಅಳತೆ. ಒಂದು ಮನೆಯಿಂದ ಹೊರಬಂದ ಮೇಲೆ ‘ಹೀಗೆ ಎಷ್ಟು ಮನೆ?’ ಅನ್ನಿಸಿದರೆ ಸಮಾಜಶಾಸ್ತ್ರ. ‘ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು’ ಅನ್ನಿಸಿದರೆ ಮಾನವಶಾಸ್ತ್ರ. ‘ನಾಳೆ ಯಾರಿಗೆ ಫೋನ್ ಮಾಡಲಿ?’ ಅಂತ ತಲೆ ಓಡಿದರೆ ಸಮಾಜಕಾರ್ಯ. ಕೊನೆಯದಕ್ಕೆ ಸೇರುವವರು ತರಗತಿಯ ಹೊರಗೆ ಎಷ್ಟು ಹೊತ್ತು ಕಳೆಯಬೇಕು ಅಂತ ಮೊದಲೇ ಕೇಳಿಕೊಳ್ಳಿ. ಅಮೆರಿಕದಲ್ಲಿ ಮಾನ್ಯತೆ ಪಡೆದ ಸ್ನಾತಕೋತ್ತರ ಕೋರ್ಸಿಗೆ ಕನಿಷ್ಠ 900 ಗಂಟೆ ಫೀಲ್ಡ್ ಕೆಲಸ ಕಡ್ಡಾಯ.

ಆ ಹುಡುಗನ ಮೂರನೇ ರಿಪೋರ್ಟಿನಲ್ಲಿ ‘ಗಲೀಜು’ ಇರಲಿಲ್ಲ. ತಾಯಿ ಎಷ್ಟು ಗಂಟೆಗೆ ಬರುತ್ತಾರೆ, ಎಷ್ಟಕ್ಕೆ ಹೊರಡುತ್ತಾರೆ, ಆ ಹೊತ್ತಿನಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳುವವರು ಯಾರು ಅಂತಷ್ಟೇ ಇತ್ತು. ಅದನ್ನು ಹಿಡಿದುಕೊಂಡು ಶಾಲೆಯವರ ಜೊತೆ ಮಾತಾಡಿದೆವು. ಪೋಷಕರ ಸಭೆಯ ಸಮಯ ಬದಲಾಯಿತು, ತಾಯಿ ಬಂದರು. ಮಗು ಈಗ ವಾರದಲ್ಲಿ ನಾಲ್ಕು ದಿನ ಶಾಲೆಗೆ ಬರುತ್ತಿದೆ. ಶುಕ್ರವಾರ ಮಾತ್ರ ಬರುವುದಿಲ್ಲ. ಯಾಕೆ ಅನ್ನೋ ಸಾಲು ಫೈಲಿನಲ್ಲಿ ಇನ್ನೂ ಖಾಲಿ ಇದೆ. ಹುಡುಗ ಅದನ್ನು ಊಹಿಸಿ ತುಂಬಿಸಿಲ್ಲ.