ಕೆಸರಿನಲ್ಲಿ ಹೂಳದ ಚಕ್ರ

ಜೂನ್ ತಿಂಗಳು. ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಮರದ ಡಿಪೋ. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸಿಲ್ವರ್ ಓಕ್ ದಿಮ್ಮಿ ಎತ್ತಿಕೊಂಡು ಹೊರಟ ಫೋರ್ಕ್‌ಲಿಫ್ಟ್ ಹತ್ತು ಅಡಿ ಹೋಗಿರಲಿಲ್ಲ, ಮುಂದಿನ ಚಕ್ರ ಕೆಸರಿನಲ್ಲಿ ಅರ್ಧ ಹೂತುಹೋಯಿತು. ಹಲಗೆ ಕೊಟ್ಟರು, ಕಲ್ಲು ತುಂಬಿದರು, ಕೊನೆಗೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದರು. ಎಂಜಿನ್ನಿಗೆ ಶಕ್ತಿ ಸಾಲದು ಅಂದರು ಅಲ್ಲಿದ್ದವರು. ನನ್ನ ಪ್ರಕಾರ ತಪ್ಪು ಇದ್ದದ್ದು ಟೈರಿನಲ್ಲಿ.

ಅದು ಗೋಡೌನಿನ ಸಿಮೆಂಟ್ ನೆಲಕ್ಕೆ ಅಂತ ಮಾಡಿದ ಗಾಡಿ. ಫೋರ್ಕ್‌ಲಿಫ್ಟ್ ಒಂಥರಾ ತಕ್ಕಡಿ: ಮುಂದೆ ಸರಕು, ಹಿಂದೆ ಅದನ್ನು ಸರಿದೂಗಿಸುವ ಕಬ್ಬಿಣದ ಭಾರ, ನಡುವೆ ಆನಿಕೆಯಾಗಿ ಮುಂದಿನ ಚಕ್ರಗಳು. ಸರಕು ಎತ್ತಿದಾಗ ಹೆಚ್ಚುಕಮ್ಮಿ ಎಲ್ಲ ತೂಕವೂ ಆ ಎರಡು ಚಕ್ರದ ಮೇಲೇ. ಒಂದೊಂದರ ಮೇಲೆ 2500 ಕೆಜಿ ಅಂತಿಟ್ಟುಕೊಳ್ಳಿ. ಚಿಕ್ಕ ಗಟ್ಟಿ ಟೈರು 400 ಚದರ ಸೆಂ.ಮೀ. ಜಾಗದಲ್ಲಿ ನೆಲ ಮುಟ್ಟಿದರೆ, ಪ್ರತಿ ಚದರ ಸೆಂ.ಮೀ.ಗೆ 6 ಕೆಜಿಗಿಂತ ಜಾಸ್ತಿ ಒತ್ತಡ. ಗಾಳಿ ತುಂಬಿದ ದೊಡ್ಡ ಟೈರು 1250 ಚದರ ಸೆಂ.ಮೀ. ಮುಟ್ಟಿದರೆ, ಬರೀ 2 ಕೆಜಿ. ತೂಕ ಅಷ್ಟೇ, ಮಣ್ಣಿಗೆ ಗೊತ್ತಾಗುವುದು ಮಾತ್ರ ಬೇರೆ.

ದುಬಾರೆಯಲ್ಲಿ ಆನೆ ನಡೆಯುವುದನ್ನು ನೋಡಿದ್ದೀರಲ್ವಾ? ಹಿಂದೆ ಅಲ್ಲಿನ ಆನೆಗಳೇ ಕಾಡಿನಿಂದ ದಿಮ್ಮಿ ಎಳೆಯುತ್ತಿದ್ದವು. ಆನೆಯ ಪಾದದೊಳಗೆ ಕೊಬ್ಬಿನ ಮೆತ್ತೆ ಇದೆ. ಕಾಲೂರಿದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಗಾಳಿ ಟೈರೂ ಭಾರ ಬಿದ್ದಾಗ ಹೀಗೇ ಅಗಲವಾಗಿ ಕೂರುತ್ತದೆ.

ಅಗಲ ಒಂದೇ ಅಲ್ಲ, ಎತ್ತರವೂ ಬೇಕು. ದಾರಿಗೆ ಅಡ್ಡ 10 ಸೆಂ.ಮೀ. ಎತ್ತರದ ಬೇರು ಸಿಕ್ಕಿತು ಅನ್ನಿ. ಅರ್ಧ ಮೀಟರ್ ಎತ್ತರದ ಚಕ್ರವನ್ನು ನಿಂತಲ್ಲಿಂದ ಅದರ ಮೇಲೆ ಹತ್ತಿಸಲು, ಚಕ್ರ ಹೊತ್ತ ತೂಕಕ್ಕಿಂತ ಸುಮಾರು ಮೂರನೇ ಒಂದು ಪಾಲು ಜಾಸ್ತಿ ಬಲದಿಂದ ಮುಂದಕ್ಕೆ ತಳ್ಳಬೇಕು. ಒಂದು ಮೀಟರ್ ಎತ್ತರದ ಚಕ್ರಕ್ಕೆ ಆ ತೂಕದ ಮುಕ್ಕಾಲು ಪಾಲು ಬಲ ಸಾಕು. ಸುಮ್ನೆ ಎಂಜಿನ್ ದೊಡ್ಡದು ಮಾಡುವುದಕ್ಕಿಂತ ಚಕ್ರ ದೊಡ್ಡದು ಮಾಡುವುದು ಎಷ್ಟೋ ಮೇಲು. ಗಾಡಿಯ ಹೊಟ್ಟೆಯೂ ಮೇಲೆ ಹೋಗುತ್ತದೆ, ಕಲ್ಲು ಮೋಟು ತಾಗುವುದಿಲ್ಲ. ಟೈರಿನ ಆಳವಾದ ಹಲ್ಲುಗಳು ಮಣ್ಣು ಕಚ್ಚಿ ಹಿಡಿಯುತ್ತವೆ.

ಆದರೆ ನಮ್ಮ ಇಳಿಜಾರಿನಲ್ಲಿ ಟೈರನ್ನೇ ನಂಬಿ ಕೂರಬೇಡಿ. ಸರಕು ಮೇಲೆತ್ತಿದಷ್ಟೂ ಗಾಡಿ ಬೇಗ ಮಗುಚುತ್ತದೆ, ಮೆತ್ತಗಿನ ಟೈರು ಒಂದು ಕಡೆ ಕುಗ್ಗಿದರೆ ಇನ್ನೂ ಬೇಗ. ಸರಕನ್ನು ನೆಲದ ಹತ್ತಿರವೇ ಇಟ್ಟುಕೊಂಡು, ಹತ್ತುವಾಗಲೂ ಇಳಿಯುವಾಗಲೂ ಅದು ಏರಿನ ಕಡೆಗೇ ಇರುವಂತೆ ನೋಡಿಕೊಳ್ಳಬೇಕು. ಅಂದರೆ ಇಳಿಯುವುದು ರಿವರ್ಸ್‌ನಲ್ಲಿ. ಇಳಿಜಾರಿನ ನಡುವೆ ಗಾಡಿ ತಿರುಗಿಸಲೇಬಾರದು.